ಖಾಲಿ ಕುರ್ಚಿಗಳ ಲೆಕ್ಕ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ಕನ್ನಡ ಗೆಳೆಯರ ತಿಂಗಳ ಕೂಟದಲ್ಲಿ 2025ರ ನವೆಂಬರ್ ಕೊನೆಗೆ ಆಡಿದ ಮಾತಿನ ಬರಹ ರೂಪ.

ನನ್ನ ಬೇಸ್‌ಬಾಲ್ ಟೀಮಿಗೆ ಈಗ ಊರಿಲ್ಲ. ಹೆಸರು ಅಥ್ಲೆಟಿಕ್ಸ್. ನಾವು ಪ್ರೀತಿಯಿಂದ ಕರೆಯುವುದು ಏಸ್ ಅಂತ. 1968ರಿಂದ 2024ರ ತನಕ ಅದು ಓಕ್‌ಲ್ಯಾಂಡ್ ಏಸ್. ಈ ವರ್ಷ ಸ್ಯಾಕ್ರಮೆಂಟೊ ಪಕ್ಕದ ಒಂದು ಚಿಕ್ಕ ಮೈದಾನದಲ್ಲಿ ಆಡಿದರು. 2028ಕ್ಕೆ ಲಾಸ್ ವೇಗಸ್‌ಗೆ ಹೋಗುತ್ತಾರಂತೆ. ನಡುವಿನ ಮೂರು ವರ್ಷ ಬರೀ ಅಥ್ಲೆಟಿಕ್ಸ್. ಅಂಗಿಯ ಒಂದು ತೋಳಿನ ಮೇಲೆ ಸ್ಯಾಕ್ರಮೆಂಟೊದ ಸೇತುವೆಯ ಚಿತ್ರ, ಇನ್ನೊಂದು ತೋಳಿನ ಮೇಲೆ ಲಾಸ್ ವೇಗಸ್‌ನ ಗುರುತು. ಹೆಸರಿನ ಮುಂದೆ ಮಾತ್ರ ಯಾವ ಊರೂ ಇಲ್ಲ.

ಮುಂದಿನ ಸಾಲಿನಲ್ಲಿ ಊರಿಂದ ಬಂದಿರುವ ಅಪ್ಪ ಅಮ್ಮಂದಿರು ಕೂತಿದ್ದೀರಿ. ಬೇಸ್‌ಬಾಲ್ ಗೊತ್ತಿಲ್ಲ ಅಂತ ಎದ್ದು ಹೋಗಬೇಡಿ. ಕ್ರಿಕೆಟ್ ನೋಡಿದವರಿಗೆ ಇಷ್ಟು ಸಾಕು: ಎಸೆಯುವವನು ಪಿಚರ್, ಹೊಡೆಯುವವನು ಬ್ಯಾಟರ್. ಬ್ಯಾಟರ್ ಮೂರು ಬೇಸ್, ಅಂದರೆ ಮೂರು ನಿಲುಗಡೆ ಗುರುತು ದಾಟಿ ಶುರುವಿನ ಜಾಗಕ್ಕೆ ಮರಳಿದರೆ ಒಂದು ರನ್. ಒಂಬತ್ತು ಇನ್ನಿಂಗ್ಸ್. ಪ್ರತಿ ಇನ್ನಿಂಗ್ಸ್‌ನಲ್ಲಿ ಎರಡೂ ಕಡೆಗೆ ಮೂರು ಮೂರು ಔಟ್. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಒಂದೊಂದು ಟೀಮೂ 162 ಪಂದ್ಯ ಆಡುತ್ತದೆ. ಅಂದರೆ ಹೆಚ್ಚು ಕಡಿಮೆ ದಿನಾ ಆಟ. ನಮ್ಮ ಐಪಿಎಲ್ ಜಾತ್ರೆ ಇದ್ದ ಹಾಗೆ, ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ಇದು ದಿನದ ಅನ್ನ ಸಾರಿನ ಹಾಗೆ. ಸಂಜೆ ಏಳಕ್ಕೆ ಶುರು, ಅಡುಗೆ ಮುಗಿಯುವ ಹೊತ್ತಿಗೆ ನಾಲ್ಕನೇ ಇನ್ನಿಂಗ್ಸ್.

ಅಡುಗೆ ಅಂತ ಸುಮ್ನೆ ಹೇಳಲಿಲ್ಲ. ನಾನು ಈ ಆಟ ಕಲಿತದ್ದೇ ಅಡುಗೆಮನೆಯಲ್ಲಿ. ಮದುವೆಯಾಗಿ ಈ ಊರಿಗೆ ಬಂದದ್ದು 2001ರ ಡಿಸೆಂಬರ್. ಎಚ್-4 ವೀಸಾ, ಕೆಲಸ ಮಾಡುವ ಹಾಗಿರಲಿಲ್ಲ. ಕಾರು ಓಡಿಸಲು ಬರುತ್ತಿರಲಿಲ್ಲ. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದರು, ಓಕ್‌ಲ್ಯಾಂಡ್‌ನವರು, ರಿಟೈರ್ ಆಗಿದ್ದರು. ಸಂಜೆ ಬಾಲ್ಕನಿಯಲ್ಲಿ ಕೂತು ರೇಡಿಯೊ ಹಾಕುತ್ತಿದ್ದರು. ನನ್ನ ಅಡುಗೆಮನೆ ಕಿಟಕಿ ಆ ಕಡೆಗೇ ತೆರೆಯುತ್ತಿತ್ತು. ಚಿಕ್ಕಂದಿನಲ್ಲಿ ನಮ್ಮ ತಂದೆ ಟ್ರಾನ್ಸಿಸ್ಟರನ್ನು ಕಿವಿಗೆ ಹಿಡಿದು ರಣಜಿ ಕಾಮೆಂಟರಿ ಕೇಳುತ್ತಿದ್ದ ಹಾಗೇ ಕೇಳಿಸಿತು ನನಗೆ. ಒಂದು ಪದವೂ ಅರ್ಥವಾಗದಿದ್ದರೂ ಆ ದನಿಯ ಏರಿಳಿತ ಅರ್ಥವಾಗುತ್ತಿತ್ತು. ಹೇಳುತ್ತಿದ್ದವರು ಬಿಲ್ ಕಿಂಗ್. ಏನಾದರೂ ದೊಡ್ಡದು ನಡೆದರೆ 'ಹೋಲಿ ಟೊಲೀಡೊ' ಅಂತ ಕೂಗುತ್ತಿದ್ದರು. 2005ರಲ್ಲಿ ಅವರು ತೀರಿಕೊಂಡಾಗ ನಮ್ಮ ಮನೆಯವರೇ ಹೋದ ಹಾಗೆ ಅತ್ತಿದ್ದೇನೆ.

ಅಜ್ಜ ನನಗೆ ಸ್ಕೋರು ಬರೆಯುವುದನ್ನು ಕಲಿಸಿದರು. ಅದೊಂದು ಬೇರೆಯೇ ಲಿಪಿ. ಪ್ರತಿ ಆಟಗಾರನ ಜಾಗಕ್ಕೂ ಒಂದು ಅಂಕಿ ಇದೆ. ಪಿಚರ್ 1, ನಮ್ಮ ವಿಕೆಟ್ ಕೀಪರ್ ಹಾಗೆ ಹಿಂದೆ ಕೂರುವ ಕ್ಯಾಚರ್ 2, ಮೊದಲ ಬೇಸಿನವನು 3, ಎರಡನೆಯವನು 4, ಮೂರನೆಯವನು 5, ಎರಡನೇ ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಮೂರನೇ ಬೇಸಿನವನು ಚೆಂಡು ಹಿಡಿದು ಮೊದಲ ಬೇಸಿಗೆ ಎಸೆದು ಔಟ್ ಮಾಡಿದರೆ ಚೌಕದೊಳಗೆ 5-3 ಅಂತ ಬರೆಯಬೇಕು. ಪೆನ್ಸಿಲ್ಲಿನಲ್ಲೇ ಬರೆಯಬೇಕು ಅಂತ ಅಜ್ಜನ ಕಟ್ಟುನಿಟ್ಟು. ಈ 5-3 ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

2002ರ ಬೇಸಿಗೆಯಲ್ಲಿ ಅವರ ಜೊತೆಗೇ ಮೊದಲ ಸಲ ಕಾಲಿಸಿಯಂಗೆ ಹೋದೆ. ಓಕ್‌ಲ್ಯಾಂಡ್ ಕಾಲಿಸಿಯಂ, ಕಾಂಕ್ರೀಟಿನ ದೊಡ್ಡ ಬಟ್ಟಲು. ಫ್ರೀಮಾಂಟ್‌ನಲ್ಲಿ ಬಾರ್ಟ್ ರೈಲು ಹತ್ತಿದರೆ ಅರ್ಧ ಗಂಟೆ ದಾರಿ. ಸ್ಟೇಷನ್ನಿನಿಂದ ಸ್ಟೇಡಿಯಂಗೆ ಉದ್ದನೆಯ ಸೇತುವೆ. ಎರಡೂ ಬದಿ ತಂತಿ ಬೇಲಿ. ಅದರ ಮೇಲೆ ಕಡಲೆಕಾಯಿ, ನೀರಿನ ಬಾಟಲಿ, ಹಸಿರು ಟೋಪಿ ಮಾರುವವರು ಸಾಲಾಗಿ ನಿಂತಿರುತ್ತಿದ್ದರು. ಬುಧವಾರ ಟಿಕೆಟ್ 2 ಡಾಲರ್, ಹಾಟ್ ಡಾಗ್ 1 ಡಾಲರ್. ನನಗೆ ಹಾಟ್ ಡಾಗ್ ಬೇಡ. ಹೊರಗಿನ ತಿಂಡಿ ಒಳಗೆ ಬಿಡುತ್ತಿದ್ದರು, ಹಾಗಾಗಿ ಡಬ್ಬಿಯಲ್ಲಿ ಪುಳಿಯೋಗರೆ. ಅಜ್ಜನಿಗೂ ಅದು ರೂಢಿಯಾಯಿತು. ಮೈದಾನದ ಬಲಗಡೆ ಕೊನೆಯ ಬೆಂಚುಗಳಲ್ಲಿ ಡೋಲು ಬಾರಿಸುವವರ ಒಂದು ಗುಂಪು. ನಮ್ಮಮ್ಮ ಬಂದಾಗ ಅವರನ್ನೂ ಕರೆದುಕೊಂಡು ಹೋಗಿದ್ದೆ. ಆ ಸದ್ದು ಕೇಳಿ 'ಏನೇ ಇದು, ಮಾರಿಹಬ್ಬದ ತಮಟೆ ಇದ್ದ ಹಾಗಿದೆಯಲ್ಲೇ' ಅಂದರು. ಒಂಬತ್ತು ಇನ್ನಿಂಗ್ಸ್ ಮುಗಿಯುವವರೆಗೂ ಏಳಲಿಲ್ಲ.

ಆ ವರ್ಷವೇ ಸತತ 20 ಗೆಲುವು. ಇಪ್ಪತ್ತನೆಯದು ಸೆಪ್ಟೆಂಬರ್ 4ರಂದು, ಕ್ಯಾನ್ಸಸ್ ಸಿಟಿ ಮೇಲೆ. 11-0 ಮುಂದಿದ್ದವರು 11-11ಕ್ಕೆ ಬಂದು ನಿಂತರು. ನಾನು ಚಪಾತಿ ಲಟ್ಟಿಸುವುದನ್ನು ಬಿಟ್ಟು ಕಿಟಕಿಗೆ ಒರಗಿ ನಿಂತಿದ್ದೆ. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಸ್ಕಾಟ್ ಹ್ಯಾಟೆಬರ್ಗ್ ಹೋಮ್ ರನ್ ಹೊಡೆದ, ನಮ್ಮ ಸಿಕ್ಸರ್ ಇದ್ದ ಹಾಗೆ. 12-11. ಅಜ್ಜ ಆ ಕಡೆಯಿಂದ, ನಾನು ಈ ಕಡೆಯಿಂದ ಕೂಗಿದೆವು.

ಈಗ ಆಡಳಿತದ ವಿಷಯಕ್ಕೆ ಬರುತ್ತೇನೆ. ಆ 2002ರ ಟೀಮಿನ ಹತ್ತಿರವೂ ದುಡ್ಡು ಜಾಸ್ತಿ ಇರಲಿಲ್ಲ. ಹಿಂದಿನ ವರ್ಷ ಅವರ ದೊಡ್ಡ ಬ್ಯಾಟರ್ ಜೇಸನ್ ಜಿಯಾಂಬಿಯನ್ನು ನ್ಯೂಯಾರ್ಕ್ ಯಾಂಕೀಸ್ ಎತ್ತಿಕೊಂಡು ಹೋಗಿತ್ತು. ಆದರೂ 103 ಪಂದ್ಯ ಗೆದ್ದರು. ಬೇರೆಯವರು ಬೇಡವೆಂದ ಹುಡುಗರನ್ನು ಲೆಕ್ಕ ಹಾಕಿ ಹುಡುಕುತ್ತಿದ್ದರು. ಬಿಲ್ಲಿ ಬೀನ್ ಆಗ ಜನರಲ್ ಮ್ಯಾನೇಜರ್. ಅದು ನಮಗೆ ಹೆಮ್ಮೆಯಾಗಿತ್ತು. ಇದ್ದುದರಲ್ಲಿ ಸಂಸಾರ ಸಾಗಿಸುವ ಮನೆಯೊಡತಿಯ ಜಾಣತನ ಅದು. ನಾನು ಅದನ್ನು ಇವತ್ತಿಗೂ ಬೈಯುವುದಿಲ್ಲ. ಕೈಯಲ್ಲಿ ಕಾಸಿಲ್ಲದೆ ಜಾಣತನದಿಂದ ನಡೆಸುವುದು ಬೇರೆ. ಕಾಸಿದ್ದೂ ಮನೆ ಬೀಳಲಿ ಅಂತ ಬಿಡುವುದು ಬೇರೆ. ಇವೆರಡನ್ನೂ ಹೊರಗಿನಿಂದ ನೋಡಿದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಳಗೆ ಇದ್ದವರಿಗೆ ಗೊತ್ತಾಗುತ್ತದೆ.

ಟೀಮನ್ನು 2005ರಲ್ಲಿ ಲೂ ವುಲ್ಫ್ ಮತ್ತು ಜಾನ್ ಫಿಶರ್ ಕೊಂಡರು. 2016ರ ಹೊತ್ತಿಗೆ ಫಿಶರ್ ಒಬ್ಬರ ಕೈಗೆ ಬಂತು. ಫಿಶರ್ ಅವರ ತಂದೆ ತಾಯಿ ಗ್ಯಾಪ್ ಬಟ್ಟೆ ಅಂಗಡಿಗಳನ್ನು ಶುರು ಮಾಡಿದವರು. ಇಲ್ಲಿ ಅಜ್ಜ ಹೇಳುತ್ತಿದ್ದ ಒಂದು ಹಳೆಯ ಕಥೆ ಹೇಳಬೇಕು. ಇಡೀ ಮಾತಿನ ತಿರುಳು ಅದರಲ್ಲೇ ಇದೆ.

1970ರ ದಶಕದಲ್ಲಿ ಮಾಲೀಕ ಚಾರ್ಲಿ ಫಿನ್ಲಿ. 1972, 73, 74 ಮೂರು ವರ್ಷ ಸತತವಾಗಿ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಕೊನೆಯ ಕಪ್, ಗೆದ್ದ ಟೀಮು. ಆಮೇಲೆ ಒಳ್ಳೊಳ್ಳೆಯ ಆಟಗಾರರೆಲ್ಲ ಕೈಬಿಟ್ಟು ಹೋದರು. ಟೀಮನ್ನು ಮಾರುವ, ಬೇರೆ ಊರಿಗೆ ಒಯ್ಯುವ ಮಾತು ಪ್ರತಿ ವರ್ಷವೂ. 1979ರಲ್ಲಿ 108 ಪಂದ್ಯ ಸೋತರು. ಆ ವರ್ಷ ಪೂರ್ತಿ ಸ್ಟೇಡಿಯಂಗೆ ಬಂದವರು 3 ಲಕ್ಷದ ಆಸುಪಾಸು. ಏಪ್ರಿಲ್‌ನ ಒಂದು ಸಂಜೆ ಲೆಕ್ಕಕ್ಕೆ ಸಿಕ್ಕಿದ್ದು 653 ಜನ. ಅಜ್ಜ ಆ ಸಂಜೆ ಅಲ್ಲಿದ್ದರಂತೆ. ಬ್ಯಾಟಿಗೆ ಚೆಂಡು ಬಡಿದರೆ ಖಾಲಿ ಸೀಟುಗಳಿಂದ ಪ್ರತಿಧ್ವನಿ ಬರುತ್ತಿತ್ತು ಅಂತ ಹೇಳುತ್ತಿದ್ದರು.

ಮುಂದಿನ ವರ್ಷ ಟೀಮು ವಾಲ್ಟರ್ ಹಾಸ್ ಅವರ ಮನೆತನದ ಕೈಗೆ ಬಂತು. ಅವರೂ ಬಟ್ಟೆ ವ್ಯಾಪಾರದವರೇ, ಲೀವೈಸ್ ಜೀನ್ಸ್‌ನವರು. ಅದೇ ಊರು, ಅದೇ ಸ್ಟೇಡಿಯಂ, ಅದೇ ಸೀಟು. ಟೀಮಿಗೆ ದುಡ್ಡು ಹಾಕಿದರು, ಊರಿನ ಶಾಲೆ, ಮೈದಾನಗಳ ಜೊತೆ ಓಡಾಡಿದರು. 1989ರಲ್ಲಿ ಕಪ್ ಗೆದ್ದರು. 1990ರಲ್ಲಿ ಬಂದವರು 29 ಲಕ್ಷ ಜನ. ಹನ್ನೊಂದು ವರ್ಷದಲ್ಲಿ 3 ಲಕ್ಷ 29 ಲಕ್ಷ ಆಯಿತು. ಓಕ್‌ಲ್ಯಾಂಡಿನ ಜನಕ್ಕೆ ಬೇಸ್‌ಬಾಲ್ ಬೇಡ ಅಂತ ಯಾರಾದರೂ ಹೇಳಿದರೆ ನಾನು ಈ ಎರಡು ಅಂಕಿಗಳನ್ನೇ ಹೇಳುತ್ತೇನೆ. ಬದಲಾಗಿದ್ದು ಜನ ಅಲ್ಲ, ಮಾಲೀಕರು.

ಈಗಿನ ಆಡಳಿತ ಇಪ್ಪತ್ತು ವರ್ಷವೂ ಹೇಳಿದ್ದು ಒಂದೇ ಮಾತು: ಸ್ಟೇಡಿಯಂ ಹಳೆಯದು, ಹೊಸದು ಬೇಕು. ಅದು ಸುಳ್ಳಲ್ಲ. 1966ರ ಕಟ್ಟಡ. 2013ರಲ್ಲಿ ಆಟಗಾರರ ಕೋಣೆಗೆ ಚರಂಡಿ ನೀರು ನುಗ್ಗಿತ್ತು. ಹೊಸದು ಬೇಕಾಗಿತ್ತು, ನಿಜ. ಅದಕ್ಕಾಗಿ ಅವರು ಹುಡುಕಿದ ಜಾಗಗಳಲ್ಲಿ ಒಂದು ನಮ್ಮದೇ ಊರು ಅಂತ ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಪೆಸಿಫಿಕ್ ಕಾಮನ್ಸ್‌ಗೆ ನೀವೆಲ್ಲ ವಾರ ವಾರ ಸಾಮಾನಿಗೆ ಹೋಗುತ್ತೀರಿ. ಅದರ ಪಕ್ಕದಲ್ಲೇ ಸಿಸ್ಕೊ ಹೆಸರಿನಲ್ಲಿ ಸ್ಟೇಡಿಯಂ ಕಟ್ಟುತ್ತೇವೆ ಅಂತ 2006ರ ನವೆಂಬರ್‌ನಲ್ಲಿ ಘೋಷಿಸಿದರು. ನಾನು ಎಷ್ಟು ಕುಣಿದಿದ್ದೆ ಅಂದರೆ, ಮನೆಯಿಂದ ನಡೆದುಕೊಂಡೇ ಹೋಗಬಹುದು ಅಂತ ಲೆಕ್ಕ ಹಾಕಿದ್ದೆ. ಅಂಗಡಿಗಳವರು ಒಪ್ಪಲಿಲ್ಲ. ವಾರ್ಮ್ ಸ್ಪ್ರಿಂಗ್ಸ್ ಕಡೆ ಜಾಗ ನೋಡಿದಾಗ ಅಲ್ಲಿನ ಮನೆಗಳವರು ಟ್ರಾಫಿಕ್ ಜಾಸ್ತಿ ಆಗುತ್ತದೆ ಅಂತ ಎದ್ದರು. ನಮ್ಮ ಪೈಕಿಯವರೂ ಸಹಿ ಹಾಕಿದ್ದರು. 2009ರ ಫೆಬ್ರವರಿಗೆ ಕೈಬಿಟ್ಟರು. ಆಮೇಲೆ ಸ್ಯಾನ್ ಹೊಸೆ. ಆ ಪ್ರದೇಶ ತಮ್ಮದು ಅಂತ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬಿಡಲಿಲ್ಲ. ಕೋರ್ಟಿಗೆ ಹೋಗಿ 2015ರಲ್ಲಿ ಅದೂ ಮುಗಿಯಿತು. ಹೀಗೆ ಆಡಳಿತದ ತಪ್ಪಲ್ಲದ ಸೋಲುಗಳೂ ಇವೆ. ಅದನ್ನು ನಾನು ಮುಚ್ಚಿಡುವುದಿಲ್ಲ.

ಆಮೇಲೆ ಬಂದದ್ದು 'ಓಕ್‌ಲ್ಯಾಂಡಿನಲ್ಲಿ ಬೇರೂರಿದ್ದೇವೆ' ಎನ್ನುವ ಘೋಷಣೆ. ಸ್ಟೇಡಿಯಂ ತುಂಬ ಆ ಬರಹ, ದೊಡ್ಡ ಓಕ್ ಮರದ ಚಿತ್ರ. ನಾನು ನಂಬಿದೆ. ನನ್ನ ಮಗನಿಗೆ ಆ ಬರಹ ಇರುವ ಅಂಗಿ ಕೊಡಿಸಿದೆ. ಟೀಮೂ ಹಾಗಿತ್ತು. ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್, ಮಾರ್ಕಸ್ ಸೆಮಿಯನ್. 2018ರಲ್ಲಿ 97 ಗೆಲುವು, 2019ರಲ್ಲಿ ಮತ್ತೆ 97. 2019ರ ಅಕ್ಟೋಬರ್ 2ರಂದು ಒಂದೇ ಪಂದ್ಯದ ನಾಕೌಟ್ ನಮ್ಮಲ್ಲೇ ನಡೆಯಿತು. ಬಂದವರು 54,005. ಆ ಬಗೆಯ ಪಂದ್ಯಕ್ಕೆ ಅದು ದಾಖಲೆ. ಬಾರ್ಟ್ ಸೇತುವೆ ಮೇಲೆ ಕಾಲಿಡಲು ಜಾಗ ಇರಲಿಲ್ಲ. ಪಂದ್ಯ ಸೋತೆವು. ವಾಪಸ್ ಬರುವಾಗ ರೈಲಿನಲ್ಲಿ ಯಾರೂ ಮಾತಾಡಲಿಲ್ಲ, ಆದರೆ ಯಾರೂ ಟೋಪಿ ತೆಗೆಯಲಿಲ್ಲ.

2020ರ ನಂತರ ಸೆಮಿಯನ್ ಹೋದ. 2022ರ ಮಾರ್ಚ್‌ನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಓಲ್ಸನ್ ಅಟ್ಲಾಂಟಕ್ಕೆ, ಚಾಪ್‌ಮನ್ ಟೊರಾಂಟೊಗೆ, ಪಿಚರ್ ಕ್ರಿಸ್ ಬ್ಯಾಸಿಟ್ ನ್ಯೂಯಾರ್ಕ್ ಮೆಟ್ಸ್‌ಗೆ. ಏಪ್ರಿಲ್‌ನಲ್ಲಿ ಶಾನ್ ಮನಾಯ ಸ್ಯಾನ್ ಡಿಯಾಗೊಗೆ. ಬೇಸಿಗೆಯಲ್ಲಿ ಫ್ರಾಂಕಿ ಮೊಂಟಾಸ್ ಯಾಂಕೀಸ್‌ಗೆ. ಡಿಸೆಂಬರ್‌ಗೆ ಕ್ಯಾಚರ್ ಶಾನ್ ಮರ್ಫಿಯೂ ಅಟ್ಲಾಂಟಕ್ಕೆ. ಮನೆಯ ಪಾತ್ರೆ ಪಡಗ ಒಂದೊಂದೇ ಹೊರಗೆ ಹೋದ ಹಾಗೆ. ಆದದ್ದು ಇಷ್ಟೇ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು, ಈ ಟೀಮಿಗೆ ಅದು ಹೊಸದಲ್ಲ. ಆದರೆ ಅದೇ ವರ್ಷ ಸೀಸನ್ ಟಿಕೆಟ್ ದರ ಏರಿಸಿದರು. ಆಟಗಾರರನ್ನು ಕಳಿಸಿ, ನೋಡುವವರಿಂದ ಜಾಸ್ತಿ ಕೇಳಿದರು. ಯಾವ ಅಂಗಡಿಯವನು ಹೀಗೆ ಮಾಡುತ್ತಾನೆ ಹೇಳಿ? ಗಿರಾಕಿ ಬರುವುದೇ ಬೇಡ ಅನ್ನುವವನು ಮಾತ್ರ.

2022ರಲ್ಲಿ 102 ಸೋಲು. 2023ರಲ್ಲಿ 112 ಸೋಲು, ಗೆಲುವು 50. ಆ ವರ್ಷ 30 ಟೀಮುಗಳಲ್ಲಿ ಆಟಗಾರರ ಸಂಬಳಕ್ಕೆ ಅತಿ ಕಡಿಮೆ ಖರ್ಚು ಮಾಡಿದ್ದು ನಮ್ಮದು. ಸ್ಟೇಡಿಯಂ ಖಾಲಿ ಹೊಡೆಯುತ್ತಿತ್ತು. ಟೀವಿಯಲ್ಲಿ ಕ್ಯಾಮೆರಾ ಹಿಡಿದರೆ ಹಸಿರು ಸೀಟುಗಳು ಸಾಲು ಸಾಲಾಗಿ ಮಡಚಿಕೊಂಡು ಕೂತಿದ್ದವು. ಆಗ ಲೀಗಿನವರು, ಆಡಳಿತದವರು ಅದನ್ನೇ ತೋರಿಸಿದರು. ನೋಡಿ, ಓಕ್‌ಲ್ಯಾಂಡಿಗೆ ಬೇಸ್‌ಬಾಲ್ ಬೇಡ ಅಂತ.

ಒಂದು ಮಾತು ಒಪ್ಪಿಕೊಳ್ಳಬೇಕು. 2022ರಲ್ಲಿ ನಾನು ಹೋದದ್ದು ಒಂದೇ ಸಲ. ವರ್ಷಕ್ಕೆ ಹದಿನೈದು ಇಪ್ಪತ್ತು ಪಂದ್ಯ ನೋಡುತ್ತಿದ್ದವಳು. ಓಲ್ಸನ್ ಇಲ್ಲದ ಮೊದಲ ಬೇಸ್ ನೋಡಲು ಮನಸ್ಸಾಗಲಿಲ್ಲ. ಹೋಗದೆ ಇರುವುದೇ ನನ್ನ ಪ್ರತಿಭಟನೆ ಅಂದುಕೊಂಡೆ. ಆದರೆ ನನ್ನ ಖಾಲಿ ಸೀಟು ಅವರ ಕಡೆಯ ಸಾಕ್ಷಿ ಆಯಿತು. ಕೋಪಕ್ಕೆ ಬಿಟ್ಟ ಸೀಟಿಗೂ ಬೇಡವಾಗಿ ಬಿಟ್ಟ ಸೀಟಿಗೂ ಲೆಕ್ಕದ ಪುಸ್ತಕದಲ್ಲಿ ವ್ಯತ್ಯಾಸ ಇಲ್ಲ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಇದನ್ನು ಬೇರೆಯವರೂ ಅರ್ಥಮಾಡಿಕೊಂಡಿದ್ದರು. ಅದಕ್ಕೇ 2023ರ ಜೂನ್ 13 ಬಂತು. ಅಭಿಮಾನಿಗಳೇ ಸೇರಿ ಉಲ್ಟಾ ಬಹಿಷ್ಕಾರ ಅಂತ ಹೆಸರಿಟ್ಟರು. ಹೋಗದೆ ಇರುವುದಲ್ಲ, ಎಲ್ಲರೂ ಒಂದೇ ದಿನ ಹೋಗಿ ತುಂಬುವುದು. ಮಂಗಳವಾರ ರಾತ್ರಿ. ಸಾವಿರಾರು ಹಸಿರು ಅಂಗಿ ಅಚ್ಚು ಹಾಕಿಸಿ ಬಿಟ್ಟಿ ಹಂಚಿದರು. ಮೇಲೆ ಒಂದೇ ಪದ: ಸೆಲ್. ಮಾರಿಬಿಡಿ. ಬಂದವರು 27,759. ಎದುರಾಳಿ ಟ್ಯಾಂಪಾ ಬೇ, ಆಗ ಇಡೀ ಲೀಗಿನಲ್ಲೇ ಮುಂದಿದ್ದ ಟೀಮು. ಐದನೇ ಇನ್ನಿಂಗ್ಸ್ ಶುರುವಾಗುವಾಗ ಎಲ್ಲರೂ ಎದ್ದು ನಿಂತು ಬಾಯಿ ಮುಚ್ಚಿದೆವು. ಡೋಲುಗಳೂ ನಿಂತವು. ಮೊದಲ ಬ್ಯಾಟರ್ ಆಡಿ ಮುಗಿಸುವ ತನಕ ಇಪ್ಪತ್ತೇಳು ಸಾವಿರ ಜನ ಉಸಿರೆತ್ತಲಿಲ್ಲ. ಕ್ಯಾಚರ್‌ನ ಗ್ಲೌಸಿಗೆ ಚೆಂಡು ಬಡಿಯುವ ಸದ್ದು ಮೂರನೇ ಅಂತಸ್ತಿಗೂ ಕೇಳಿಸುತ್ತಿತ್ತು. ಆಮೇಲೆ ಒಟ್ಟಿಗೆ 'ಟೀಮನ್ನು ಮಾರಿಬಿಡಿ' ಅಂತ ಕೂಗು ಎದ್ದಿತು. ನನ್ನ ಮೈಮೇಲೆ ಮುಳ್ಳೆದ್ದವು. 2-1ಕ್ಕೆ ಗೆದ್ದೆವು, ಅದು ಸತತ ಏಳನೇ ಗೆಲುವು.

ಅದೇ ರಾತ್ರಿ ನೆವಾಡ ರಾಜ್ಯದ ಸೆನೆಟ್ ಲಾಸ್ ವೇಗಸ್ ಸ್ಟೇಡಿಯಂಗೆ 380 ಮಿಲಿಯನ್ ಡಾಲರ್‌ವರೆಗೆ ಸರ್ಕಾರದ ದುಡ್ಡು ಕೊಡುವ ಮಸೂದೆ ಪಾಸು ಮಾಡಿತು. ಎರಡು ದಿನದಲ್ಲಿ ಗವರ್ನರ್ ಸಹಿ ಬಿತ್ತು. ಒಂದು ರಾತ್ರಿ ಬಂದ ಜನ ಲೀಗಿನ ಸರಾಸರಿಗೆ ಹತ್ತಿರ ಅಷ್ಟೆ ಅನ್ನುವ ಅರ್ಥದಲ್ಲಿ ಲೀಗಿನ ಮುಖ್ಯಸ್ಥರಾದ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಮಾತಾಡಿದರು. ನವೆಂಬರ್ 16ರಂದು ಮಾಲೀಕರೆಲ್ಲ ಸೇರಿ ಓಟು ಹಾಕಿದರು. 30-0. ಒಬ್ಬರೇ ಒಬ್ಬರು ಬೇಡ ಅನ್ನಲಿಲ್ಲ.

ಓಕ್‌ಲ್ಯಾಂಡ್ ನಗರಸಭೆಯ ತಪ್ಪಿಲ್ಲವೇ ಅಂತ ನೀವು ಕೇಳಬಹುದು. ಇದೆ. ಹೊವರ್ಡ್ ಟರ್ಮಿನಲ್ ಅಂತ ಬಂದರಿನ ಪಕ್ಕ ಒಂದು ಜಾಗ, 2018ರಿಂದ ಮಾತುಕತೆ. ಸ್ಟೇಡಿಯಂ ಜೊತೆಗೆ ಮನೆ, ಆಫೀಸು, ಹೋಟೆಲು ಸೇರಿ 12 ಬಿಲಿಯನ್ ಡಾಲರಿನ ಯೋಜನೆ. ನಗರಸಭೆ ನಿಧಾನ ಮಾಡಿತು. ಆದರೆ ಸ್ಟೇಡಿಯಂ ಕಟ್ಟಲು ಹೊರಟವರು ಇಷ್ಟು ದೊಡ್ಡ ಬಡಾವಣೆ ಕಟ್ಟಲು ಯಾಕೆ ಹೊರಟರು ಅನ್ನುವುದು ನನ್ನ ಪ್ರಶ್ನೆ. ಹಳೆಯ ಕಾಲಿಸಿಯಂ ಜಾಗದಲ್ಲೇ ಬಾರ್ಟ್ ಇತ್ತು, ಹೆದ್ದಾರಿ ಇತ್ತು, ಪಾರ್ಕಿಂಗ್ ಇತ್ತು. ವೇಗಸ್‌ನಲ್ಲಿ ಈಗ ಕಟ್ಟುತ್ತಿರುವುದು 9 ಎಕರೆಯಲ್ಲಿ, 33,000 ಸೀಟಿಗೆ. ಅಷ್ಟೇ ಸಾಕಾಗಿದ್ದರೆ ಓಕ್‌ಲ್ಯಾಂಡಿನಲ್ಲೇ ಕಟ್ಟಬಹುದಿತ್ತಲ್ಲ. ಕಾಲಿಸಿಯಂನಲ್ಲೇ ಇನ್ನು ಮೂರು ವರ್ಷ ಇರುವ ಮಾತೂ 2024ರ ಏಪ್ರಿಲ್‌ನಲ್ಲಿ ಮುರಿಯಿತು. ಆಗ ಕರೆದು ಜಾಗ ಕೊಟ್ಟವರು ಸ್ಯಾಕ್ರಮೆಂಟೊದ ಬ್ಯಾಸ್ಕೆಟ್‌ಬಾಲ್ ಟೀಮಿನ ಮಾಲೀಕ, ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ.

2024ರ ಸೆಪ್ಟೆಂಬರ್ 26, ಗುರುವಾರ ಮಧ್ಯಾಹ್ನ. ಕೊನೆಯ ಪಂದ್ಯ. 46,889 ಜನ. ನಾನು ರಜೆ ಹಾಕಿದ್ದೆ, ಮಗನ ಶಾಲೆಗೂ ರಜೆ ಹಾಕಿಸಿದ್ದೆ. ಡಬ್ಬಿಯಲ್ಲಿ ಪುಳಿಯೋಗರೆ. ಅಜ್ಜ ಅಷ್ಟರಲ್ಲಿ ತೀರಿಕೊಂಡು ಆರು ವರ್ಷ ಆಗಿತ್ತು, ಅವರು ಕೊಟ್ಟ ಸ್ಕೋರ್ ಪುಸ್ತಕ ನನ್ನ ಮಡಿಲಲ್ಲಿತ್ತು. ಶಾಸ್ತ್ರಕ್ಕೆ ಮೊದಲ ಚೆಂಡು ಎಸೆಯಲು ನಮ್ಮ ಹಳೆಯ ಆಟಗಾರರಾದ ಡೇವ್ ಸ್ಟುವರ್ಟ್ ಮತ್ತು ರಿಕಿ ಹೆಂಡರ್ಸನ್ ಬಂದರು. ಇಬ್ಬರೂ ಓಕ್‌ಲ್ಯಾಂಡಿನಲ್ಲಿ ಬೆಳೆದವರು. ಪಿಚರ್ ಎಸೆಯುವಷ್ಟರಲ್ಲಿ ಮುಂದಿನ ಬೇಸಿಗೆ ಓಡಿಬಿಟ್ಟು 1,406 ಬೇಸ್ ಕದ್ದ ರಿಕಿ, ಆ ದಾಖಲೆಯ ಹತ್ತಿರಕ್ಕೂ ಯಾರೂ ಬಂದಿಲ್ಲ. ಮೂರು ತಿಂಗಳೂ ಕಳೆಯಲಿಲ್ಲ, ಡಿಸೆಂಬರ್‌ನಲ್ಲಿ ಅವರೂ ಹೊರಟುಹೋದರು.

ಟೆಕ್ಸಸ್ ರೇಂಜರ್ಸ್ ಎದುರು 3-2 ಮುಂದಿದ್ದೆವು. ಕೊನೆಯ ಇನ್ನಿಂಗ್ಸ್‌ಗೆ ಮೇಸನ್ ಮಿಲ್ಲರ್ ಬಂದ. ಗಂಟೆಗೆ ನೂರು ಮೈಲಿ ಮೇಲೆ ಎಸೆಯುವ ಹುಡುಗ. ಕೊನೆಯ ಬ್ಯಾಟರ್ ಹೊಡೆದದ್ದು ಮೂರನೇ ಬೇಸಿನ ಕಡೆಗೆ. ಅಲ್ಲಿದ್ದ ಮ್ಯಾಕ್ಸ್ ಶೂಮನ್ ಹಿಡಿದು ಮೊದಲ ಬೇಸಿನ ಟೈಲರ್ ಸೋಡರ್‌ಸ್ಟ್ರಾಮ್‌ಗೆ ಎಸೆದ. ಔಟ್. ನಾನು 5-3 ಅಂತ ಬರೆದೆ. ಕೈ ನಡುಗಿ 3ರ ಬಾಲ ಚೌಕದಿಂದ ಆಚೆ ಹೋಗಿದೆ. ಮ್ಯಾನೇಜರ್, ಅಂದರೆ ಟೀಮಿನ ಕೋಚ್, ಮಾರ್ಕ್ ಕಾಟ್ಸೆ ಮೈಕ್ ಹಿಡಿದು ಜನರಿಗೆ ಕೃತಜ್ಞತೆ ಹೇಳಿದರು, 'ಲೆಟ್ಸ್ ಗೋ ಓಕ್‌ಲ್ಯಾಂಡ್' ಅಂತ ಕೊನೆಯ ಸಲ ಕೂಗಿಸಿದರು. ಮೈದಾನ ನೋಡಿಕೊಳ್ಳುವ ಕೆಲಸಗಾರರು ಒಳಗಿನ ಕೆಂಪು ಮಣ್ಣನ್ನು ಲೋಟಗಳಿಗೆ ತುಂಬಿ ಬೇಲಿಯ ಹತ್ತಿರ ನಿಂತವರಿಗೆ ಕೊಟ್ಟರು. ಒಂದು ಹಿಡಿ ಮಣ್ಣು ನಮ್ಮ ಮನೆಗೂ ಬಂತು. ಅದು ಈಗ ಉಪ್ಪಿನಕಾಯಿಯ ಹಳೆಯ ಗಾಜಿನ ಬಾಟಲಿಯಲ್ಲಿದೆ. ಮಾಲೀಕರು ಆ ವಾರ ಒಂದು ಪತ್ರ ಬರೆದಿದ್ದರು, ಪ್ರಯತ್ನಪಟ್ಟೆವು, ಆಗಲಿಲ್ಲ, ಬೇಸರವಿದೆ ಅಂತ. ನಾನು ಎರಡು ಸಲ ಓದಿದೆ. ಪ್ರಯತ್ನಪಟ್ಟವರು ಓಲ್ಸನ್‌ನನ್ನು ಉಳಿಸಿಕೊಳ್ಳುತ್ತಿದ್ದರು.

ಇನ್ನು ಈ ವರ್ಷದ ಸೀಸನ್. ನೋಡಲೇಬಾರದು ಅಂದುಕೊಂಡಿದ್ದೆ. ಆಗಲಿಲ್ಲ. ಆ ಹುಡುಗರು ಏನು ತಪ್ಪು ಮಾಡಿದ್ದಾರೆ? ಮಾರ್ಚ್ 31ರಂದು ಹೊಸ ಜಾಗದಲ್ಲಿ ಮೊದಲ ಪಂದ್ಯ, ಶಿಕಾಗೊ ಕಬ್ಸ್ ಮೇಲೆ 18-3ರಿಂದ ಸೋತರು. ಅದು ಕೆಳಗಿನ ದರ್ಜೆಯ ಟೀಮಿನ ಮೈದಾನ, ಹದಿನಾಲ್ಕು ಸಾವಿರ ಜನ ಹಿಡಿಸಿದರೆ ಹೆಚ್ಚು. ಆಟಗಾರರ ಕೋಣೆ ಬೌಂಡರಿಯ ಆಚೆ ಇದೆ, ಆಟದ ನಡುವೆ ಸುಮ್ನೆ ಒಳಗೆ ಹೋಗಿ ಬರುವ ಹಾಗಿಲ್ಲ. ಬೇಸಿಗೆಯಲ್ಲಿ ಅಲ್ಲಿ ರಾಯಚೂರಿನ ಬಿಸಿಲು. ಜುಲೈನಲ್ಲಿ ಒಮ್ಮೆ ಹೋಗಿದ್ದೆ, ನೂರು ಮೈಲಿ ಕಾರು ಓಡಿಸಿಕೊಂಡು. ಅರ್ಧಕ್ಕರ್ಧ ಜನ ಎದುರಾಳಿ ಟೀಮಿನ ಅಂಗಿ ಹಾಕಿದ್ದರು. ಡೋಲು ಇರಲಿಲ್ಲ.

ಮೇ ನಡುವಿನಿಂದ 21 ಪಂದ್ಯಗಳಲ್ಲಿ 20 ಸೋತರು. ಸೀಸನ್ ಮುಳುಗಿದ್ದೇ ಅಲ್ಲಿ. ಕಾರಣ ಪಿಚಿಂಗ್. ಲೂಯಿಸ್ ಸೆವೆರಿನೊಗೆ ಮೂರು ವರ್ಷಕ್ಕೆ 67 ಮಿಲಿಯನ್ ಡಾಲರ್ ಕೊಟ್ಟರು, ಅಲ್ಲಿಯವರೆಗೆ ಈ ಟೀಮಿನ ಇತಿಹಾಸದಲ್ಲೇ ಅಷ್ಟು ದೊಡ್ಡ ಒಪ್ಪಂದ ಇರಲಿಲ್ಲ. ಆತ ಬೇರೆ ಊರುಗಳಲ್ಲಿ ಚೆನ್ನಾಗಿ ಎಸೆದ. ಸ್ಯಾಕ್ರಮೆಂಟೊದಲ್ಲಿ ಅದರ ಹೆಚ್ಚು ಕಡಿಮೆ ಎರಡರಷ್ಟು ರನ್ ಕೊಟ್ಟ. ಮನೆ ಅಂತ ಅನ್ನಿಸುವುದಿಲ್ಲ ಎಂದು ಬಾಯಿಬಿಟ್ಟೇ ಹೇಳಿದ. ನಾನು ಆತನನ್ನು ದೂರುವುದಿಲ್ಲ.

ಆದರೆ ಬ್ಯಾಟಿಂಗ್! ನಿಕ್ ಕರ್ಟ್ಸ್ ಅಂತ ಒಬ್ಬ ಹುಡುಗ ಬಂದಿದ್ದಾನೆ, 22 ವರ್ಷ. ಜುಲೈ 25ರಂದು ಹ್ಯೂಸ್ಟನ್‌ನಲ್ಲಿ ಆರು ಸಲ ಬ್ಯಾಟಿಗೆ ಬಂದು ಆರೂ ಸಲ ಹೊಡೆದ. ಅದರಲ್ಲಿ ನಾಲ್ಕು ಹೋಮ್ ರನ್. ಹೊಸಬನೊಬ್ಬ ಒಂದೇ ಪಂದ್ಯದಲ್ಲಿ ನಾಲ್ಕು ಹೊಡೆದದ್ದು ಅದೇ ಮೊದಲು. ನಾನು ಫೋನಿನಲ್ಲಿ ಕಾಮೆಂಟರಿ ಕೇಳುತ್ತಾ ಪಾತ್ರೆ ತೊಳೆಯುತ್ತಿದ್ದೆ. ನಾಲ್ಕನೆಯದಕ್ಕೆ ನಲ್ಲಿ ನಿಲ್ಲಿಸಿ ಕಿಟಕಿಯ ಕಡೆ ತಿರುಗಿದೆ. ಪಕ್ಕದ ಬಾಲ್ಕನಿಯಲ್ಲಿ ಈಗ ಬೇರೆ ಸಂಸಾರ ಇದೆ. ವರ್ಷದ ಹೊಸ ಆಟಗಾರ ಪ್ರಶಸ್ತಿ ಕರ್ಟ್ಸ್‌ಗೇ ಬಂತು, ಎಲ್ಲ ಓಟೂ ಅವನಿಗೇ. ಎರಡನೇ ಸ್ಥಾನದಲ್ಲಿದ್ದವನೂ ನಮ್ಮವನೇ, ಜೇಕಬ್ ವಿಲ್ಸನ್. ಹೊಸಬರನ್ನು ಹುಡುಕಿ ತರುವ ಜನರಲ್ ಮ್ಯಾನೇಜರ್ ಡೇವಿಡ್ ಫಾರ್ಸ್ಟ್ ಅವರ ಕೈಗುಣ ನಿಜಕ್ಕೂ ದೊಡ್ಡದು. ಆಡಳಿತದಲ್ಲಿ ಬೇಸ್‌ಬಾಲ್ ನೋಡಿಕೊಳ್ಳುವವರು ತಮ್ಮ ಕೆಲಸ ಮಾಡುತ್ತಲೇ ಬಂದಿದ್ದಾರೆ. ಬೀಜ ಬಿತ್ತುವವರು ಸರಿಯಾಗಿಯೇ ಬಿತ್ತಿದ್ದಾರೆ. ಫಸಲು ಬಂದಾಗ ಮಾರಿದವರು ಮೇಲಿನವರು.

ಜುಲೈ 31ಕ್ಕೆ ಮೇಸನ್ ಮಿಲ್ಲರ್‌ನನ್ನು ಸ್ಯಾನ್ ಡಿಯಾಗೊಗೆ ಕೊಟ್ಟರು. ಓಕ್‌ಲ್ಯಾಂಡಿನ ಕೊನೆಯ ಔಟ್ ತಂದುಕೊಟ್ಟ ಹುಡುಗ, ಹತ್ತು ತಿಂಗಳಿಗೆಲ್ಲ ಹೋದ. ಬದಲಿಗೆ ಬಂದವರಲ್ಲಿ ಲಿಯೊ ಡಿ ವ್ರೀಸ್ ಎನ್ನುವ 18 ವರ್ಷದ ಶಾರ್ಟ್‌ಸ್ಟಾಪ್ ಇದ್ದಾನೆ. ಆಟದ ಲೆಕ್ಕದಲ್ಲಿ ಒಳ್ಳೆಯ ವ್ಯಾಪಾರವೇ ಇರಬಹುದು. ಕಳೆದ ಚಳಿಗಾಲದಲ್ಲಿ ಬ್ರೆಂಟ್ ರೂಕರ್‌ಗೆ ಐದು ವರ್ಷ, 60 ಮಿಲಿಯನ್. ಮಾರ್ಚ್‌ನಲ್ಲಿ ಲಾರೆನ್ಸ್ ಬಟ್ಲರ್‌ಗೆ ಏಳು ವರ್ಷ, 65.5 ಮಿಲಿಯನ್. ಆಟಗಾರರಿಗೆ ಖರ್ಚು ಮಾಡದಿದ್ದರೆ ಲೀಗಿನಿಂದ ಬರುವ ಪಾಲಿಗೆ ಕುತ್ತು ಬರುತ್ತದೆ ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಕಾರಣ ಏನೇ ಇರಲಿ, ದುಡ್ಡು ಇತ್ತು ಅನ್ನುವುದು ಗೊತ್ತಾಯಿತು. ಹಾಗಾದರೆ ಚಾಪ್‌ಮನ್‌ಗೆ ಯಾಕೆ ಇರಲಿಲ್ಲ? ಸೆಮಿಯನ್ ಈ ಕೊಲ್ಲಿಯ ಸುತ್ತಲ ಊರುಗಳಲ್ಲೇ ಹುಟ್ಟಿ ಬೆಳೆದ ಹುಡುಗ, ಅವನಿಗೆ ಯಾಕೆ ಇರಲಿಲ್ಲ? ಅವರು ಉಳಿದಿದ್ದರೆ ಸೀಟು ತುಂಬುತ್ತಿದ್ದವು. ತುಂಬಿದ ಸೀಟುಗಳನ್ನು ಬಿಟ್ಟು ಹೋಗಲು ಯಾರಿಗೂ ನೆಪ ಸಿಗುವುದಿಲ್ಲ.

ಸ್ಯಾಕ್ರಮೆಂಟೊದ ಜನರ ಬಗ್ಗೆ ನನಗೆ ಮರುಕ ಇದೆ. ಮೂರು ವರ್ಷ ಮನೆ ಕೊಟ್ಟ ಊರಿನ ಹೆಸರನ್ನು ಟೀಮು ಇಟ್ಟುಕೊಳ್ಳಲಿಲ್ಲ. ಬಾಡಿಗೆದಾರ ಕೂಡ ಬಾಗಿಲ ಮೇಲೆ ವಿಳಾಸ ಬರೆಯುತ್ತಾನೆ. ಹಿಂದಿನ ತಿಂಗಳು ಊರಿಗೆ ಹೋಗಿದ್ದಾಗ ನಮ್ಮ ಅಣ್ಣನ ಮಗ, ಆರ್‌ಸಿಬಿ ಹುಚ್ಚ, ಕೇಳಿದ: 'ಅತ್ತೆ, ಹದಿನೆಂಟು ವರ್ಷ ಕಾದು ಕಪ್ ಗೆದ್ವಿ. ನಿಮ್ ಟೀಮೇ ಬಿಟ್ಟು ಹೋಗಿದೆಯಲ್ಲ, ನೀವ್ಯಾಕೆ ಇನ್ನೂ ಕಾಯ್ತೀರಿ?' ನಾನು ಅವನಿಗೆ ಒಂದೇ ಕೇಳಿದೆ, ನಾಳೆ ಬೆಳಿಗ್ಗೆ ಆರ್‌ಸಿಬಿ ಬೆಂಗಳೂರು ಬಿಟ್ಟು ಇನ್ಯಾವುದೋ ಊರಿಗೆ ಹೋದರೆ ಏನು ಮಾಡುತ್ತೀಯ ಅಂತ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ 'ಕೊಹ್ಲಿ ಎಲ್ಲಿ ಇರ್ತಾರೆ?' ಅಂದ. ನನ್ನ ಪಾಡೂ ಅದೇ. ಕರ್ಟ್ಸ್ ಹೊಡೆದರೆ ಖುಷಿಯಾಗುತ್ತದೆ, ಆ ಟೀಮಿಗೆ ಟಿಕೆಟ್ ಕೊಳ್ಳಲು ಕೈ ಬರುವುದಿಲ್ಲ.

ಓಕ್‌ಲ್ಯಾಂಡಿನಲ್ಲಿ ಬೇಸ್‌ಬಾಲ್ ನಿಂತಿಲ್ಲ. 2024ರಿಂದ ಓಕ್‌ಲ್ಯಾಂಡ್ ಬಾಲರ್ಸ್ ಅಂತ ಒಂದು ಚಿಕ್ಕ ಟೀಮು ಆಡುತ್ತಿದೆ, ಪಯೊನಿಯರ್ ಲೀಗ್‌ನಲ್ಲಿ. ಪಶ್ಚಿಮ ಓಕ್‌ಲ್ಯಾಂಡಿನ ರೈಮಂಡಿ ಪಾರ್ಕ್‌ನಲ್ಲಿ ಮರದ, ಕಬ್ಬಿಣದ ಗ್ಯಾಲರಿ ಹಾಕಿಕೊಂಡಿದ್ದಾರೆ. ಎರಡು ಸಾವಿರಕ್ಕೂ ಹೆಚ್ಚು ಅಭಿಮಾನಿಗಳು ಅದರ ಷೇರು ಕೊಂಡಿದ್ದಾರೆ. ನಮ್ಮ ಮನೆಯದೂ ಚಿಕ್ಕದೊಂದು ಪಾಲು ಇದೆ. ಈ ಸೆಪ್ಟೆಂಬರ್‌ನಲ್ಲಿ ಆ ಲೀಗಿನ ಕಪ್ ಗೆದ್ದರು. ಎರಡನೇ ವರ್ಷಕ್ಕೇ. ಆಟದ ಮಟ್ಟ ಏಸ್‌ನದ್ದಲ್ಲ, ಅದನ್ನು ನಾನು ಹೇಳಿಕೊಳ್ಳುವುದೂ ಇಲ್ಲ. ಆದರೆ ಕಾಲಿಸಿಯಂನ ಡೋಲಿನವರು ಅಲ್ಲಿಗೆ ಬಂದಿದ್ದರು. ಗೇಟಿನ ಹೊರಗಿನಿಂದಲೇ ಆ ಪೆಟ್ಟು ಗುರುತು ಸಿಕ್ಕಿತು.

ಅಜ್ಜನ ಸ್ಕೋರ್ ಪುಸ್ತಕ ತಂದಿದ್ದೇನೆ, ಮೇಜಿನ ಮೇಲಿದೆ, ನೋಡಿ. ಆ 5-3ರ ಮುಂದಿನ ಪುಟದಿಂದ ಬಾಲರ್ಸ್ ಪಂದ್ಯಗಳು ಶುರುವಾಗಿವೆ. ಇನ್ನೂ ಹನ್ನೊಂದು ಹಾಳೆ ಖಾಲಿ ಇವೆ. ಮುಂದಿನ ಬೇಸಿಗೆಯಲ್ಲಿ ಬರುವ ಮನಸ್ಸಿದ್ದವರು ಹೇಳಿ. ವೆಸ್ಟ್ ಓಕ್‌ಲ್ಯಾಂಡ್ ಬಾರ್ಟ್ ಸ್ಟೇಷನ್ನಿನಲ್ಲಿ ಇಳಿದರೆ ಒಂದು ಮೈಲಿ ಆಸುಪಾಸು. ಸ್ಕೋರು ಬರೆಯುವುದನ್ನು ನಾನು ಕಲಿಸುತ್ತೇನೆ. ಪೆನ್ಸಿಲ್ ಮಾತ್ರ ನೀವೇ ತನ್ನಿ.